ಗುಡಾಣ, ನುಗ್ಗೇಕಾಯಿ, ಮಧ್ಯೆ ಒಂದು ತ್ರಿಕೋನ

ಜಯನಗರದ ಪಾರ್ಕಿನ ಗೇಟಿನಲ್ಲಿ ನಾನು ಹೂವು ಮಾರೋದು. ಕೈ ಹೂವು ಕಟ್ತಾ ಇದ್ದರೂ ಕಿವಿ ಊರೆಲ್ಲ ಸುತ್ತಿ ಬರುತ್ತೆ. ಒಂದು ಸೋಮವಾರ ಸಾಯಂಕಾಲ ಡ್ರಾಯಿಂಗ್ ಮೇಡಂ ಒಬ್ಬರು ಹತ್ತಾರು ಹೆಂಗಸರನ್ನು ಹುಲ್ಲಿನ ಮೇಲೆ ಕೂರಿಸಿ, "ಕಣ್ಣು ಅರ್ಧ ಮುಚ್ಚಿ. ಯಾರು, ಏನು ಅಂತ ನೋಡಬೇಡಿ, ಬರೀ ಆಕಾರ ನೋಡಿ" ಅಂತಿದ್ದರು.

ಆ ಗುಂಪಲ್ಲಿ ನಮ್ಮ ಬೀದಿಯ ಶಾಂತಮ್ಮನೂ ಇದ್ದಳು. ಅವಳ ಗಂಡ ಶಿವಣ್ಣನಿಗೆ ಸೋಮವಾರ ಉಪವಾಸ. ಅವನು ತಿನ್ನಲ್ಲ ಅಂತ ಮನೇಲಿ ಒಲೆ ಹಚ್ಚೋ ಹಾಗಿಲ್ಲ, ಇವಳೂ ತಿನ್ನೋ ಹಾಗಿಲ್ಲ. ಪಾಪ, ಹಸಿದ ಹೊಟ್ಟೆಯಲ್ಲೇ ದೂರದ ಬೆಂಚು ನೋಡ್ಕೊಂಡು ಗೀಚ್ತಿದ್ದಳು.

ನಾನು ಹಿಂದಿನಿಂದ ಇಣುಕಿದೆ. ಅವಳ ಹಾಳೆಯಲ್ಲಿ, ಬೆಂಚಿನ ಮೇಲೆ ಒಂದು ಗುಡಾಣ, ಅದಕ್ಕೆ ಒರಗಿದ ಹಾಗೆ ಒಂದು ನುಗ್ಗೇಕಾಯಿ, ಮಧ್ಯೆ ಪುಟ್ಟ ತ್ರಿಕೋನ.

"ಶಾಂತಾ, ಈ ಗುಡಾಣ ನಿಮ್ಮ ಯಜಮಾನ್ರ ಥರಾನೇ ಇದೆಯಲ್ಲೇ! ಆ ನುಗ್ಗೇಕಾಯಿ ಯಾರೇ, ಸೀರೆ ಉಟ್ಟ ಹಾಗಿದೆ?" ಅಂದೆ.

ಅವಳು ಕಣ್ಣು ಪೂರ್ತಿ ಬಿಟ್ಟು ಬೆಂಚು ನೋಡಿದಳು. ಇವತ್ತು ಜಡೆ ಜಗಳ ಗ್ಯಾರಂಟಿ ಅಂತ ನನ್ನೆದೆ ಕುಣೀತಿತ್ತು.

"ಅಕ್ಕಾ, ಅದು ಸಮೋಸ!" ಅಂದವಳೇ ಪೆನ್ಸಿಲ್ ಎಸೆದು ಅತ್ತ ಹೊರಟಳು. ಹೂವಿನ ಬುಟ್ಟಿ ಬಿಟ್ಟು ನಾನೂ ಓಡಿದೆ.

"ಅದೂ... ಪ್ರಸಾದ ಕಣೇ" ಅಂತ ಬೆಂಚಿನ ಮೇಲಿದ್ದ ಶಿವಣ್ಣ ತೊದಲಿದ.

"ಹಾಗಾದ್ರೆ ಕೊಡಿ ಇಲ್ಲಿ" ಅಂತ ಕಿತ್ಕೊಂಡು, ಅವನಿಗೂ ಪಕ್ಕದ ಆ ಸಣಕಲು ಹೆಂಗಸಿಗೂ ನಡುವೆ ಕೂತು ಕಚ್ಚಿದಳು.

"ಅಯ್ಯೋ, ಅಲ್ಲಾಡಬೇಡಿ! ಎಲ್ಲರೂ ಬರೀತಿದ್ದಾರೆ" ಅಂತ ಮೇಡಂ ಕೂಗಿದರು.

ಆ ಹೆಂಗಸು ಯಾರೇ ಅಂತ ನಾನು ಕೇಳಿದ್ದೇ ಬಂತು, ಶಾಂತಮ್ಮ ಚಟ್ನಿ ಎಲ್ಲಿ ಅಂತ ಹುಡುಕ್ತಿದ್ದಳು. ಇಂಥವರನ್ನ ನಂಬ್ಕೊಂಡು ನಾನು ಬೀದಿಗೆ ಏನಂತ ಸುದ್ದಿ ಹೇಳಲಿ?