ಜಪಾನಪ್ಪನ ಮೂಲೆ

ನಮ್ಮ ಗದ್ದೆಯ ಒಂದು ಮೂಲೆಗೆ ಊರವರು ಜಪಾನಪ್ಪನ ಮೂಲೆ ಅನ್ನುತ್ತಾರೆ. ಹೊಸಬರು ಯಾರಾದರೂ ಬಂದರೆ ಅಲ್ಲೇನೋ ದೇವರಿದೆ ಅಂದುಕೊಂಡು ಚಪ್ಪಲಿ ಬಿಡಲು ನೋಡುವುದುಂಟು. ದೇವರೂ ಇಲ್ಲ, ದಿಂಡರೂ ಇಲ್ಲ. ನಾಲ್ಕು ಹೆಂಗಸರು ಬಗ್ಗಿದರೆ ತುಂಬಿಹೋಗುವಷ್ಟು ಕೆಸರು, ಅಷ್ಟೆ. ಆದರೂ ನಾಟಿಯ ಹೊತ್ತಿಗೆ ಅಲ್ಲಿ ನಿಂತರೆ ನನಗೆ ಅತ್ತೆಯ ನೆನಪು ಬರುತ್ತದೆ. ಅವರು ಹೋಗಿ ಎರಡು ಮಳೆಗಾಲ ಕಳೆದಿವೆ.

ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ, ಹಾರನಹಳ್ಳಿಗೆ ಹತ್ತಿರ. ಅಲ್ಲಿ ಹೊಗೆಸೊಪ್ಪು, ರಾಗಿ, ಮಳೆ ನೋಡಿಕೊಂಡು ಮಾಡುವ ಬೇಸಾಯ. ಮದುವೆಯಾಗಿ ಬಂದದ್ದು ಕೆ.ಆರ್. ನಗರದ ನಾಲೆ ಬಯಲಿಗೆ. ಜಿಗಣೆ ಕಂಡರೆ ಬದು ಹತ್ತಿ ಓಡುತ್ತಿದ್ದೆ. "ಊರಿಗೆ ಬಂದೋಳು ನೀರಿಗೆ ಬರ್ದೆ ಎಲ್ಲೋದಾಳು, ಬುಡಿ" ಎಂದು ಅತ್ತೆ ಉಳಿದ ಹೆಂಗಸರ ಮುಂದೆ ನನ್ನ ಮಾನ ಕಾಯುತ್ತಿದ್ದರು. ಮನೆಯಲ್ಲಿ ಮಾತ್ರ ಅದೇ ವಿಷಯಕ್ಕೆ ವಾರವಿಡೀ ಅಣಕಿಸುತ್ತಿದ್ದರು.

ಆಗ ನಮ್ಮೂರಲ್ಲಿ ನಾಟಿ ನಡೆಯುತ್ತಿದ್ದದ್ದು ಮುಯ್ಯಿಯ ಮೇಲೆ. ಇವತ್ತು ನೀವೆಲ್ಲ ನಮ್ಮ ಗದ್ದೆಗೆ ಬಂದಿರಿ, ನಾಳೆ ನಾನು ನಿಮ್ಮ ಗದ್ದೆಗೆ ಬರುತ್ತೇನೆ. ಕೂಲಿಯಿಲ್ಲ, ದಿನಕ್ಕೆ ದಿನ. ಜ್ವರ ಬಂದರೆ ಮಗಳನ್ನೋ ಸೊಸೆಯನ್ನೋ ಕಳಿಸಿಯಾದರೂ ತೀರಿಸಬೇಕು. ಮಾವ ತೀರಿಕೊಂಡಾಗ ನನ್ನ ಗಂಡ ಇನ್ನೂ ಶಾಲೆಗೆ ಹೋಗುವ ಹುಡುಗ. ಹೆಂಗಸೊಬ್ಬಳು ಏನು ಬೇಸಾಯ ಮಾಡಿಯಾಳು ಎಂದು ದಾಯಾದಿಗಳು ಕಾದು ಕೂತಿದ್ದರಂತೆ. ಆ ವರ್ಷ, ನಾಟಿ ಹೆಂಗಸರಿಗೆಲ್ಲ ಮುಂದಾಳಾಗಿದ್ದ ಮೇಲಿನ ಬೀದಿಯ ಅಕ್ಕ ಯಾರೂ ಕರೆಯದೆಯೇ ಹೆಂಗಸರನ್ನೆಲ್ಲ ಕರೆತಂದು ನಮ್ಮ ಗದ್ದೆಗಿಳಿಸಿದರಂತೆ. ಅವತ್ತಿನಿಂದ ಅತ್ತೆಗೆ ಮುಯ್ಯಿ ಅಂದರೆ ಬರೀ ಕೆಲಸವಲ್ಲ. ಆ ಸಾಲಿನಲ್ಲಿ ತನಗೊಂದು ಜಾಗ ಇದೆ ಅನ್ನುವ ಧೈರ್ಯ. ಅದೊಂದು ಹೋದರೆ ತಾನು ಊರಲ್ಲಿ ಒಂಟಿ ಎಂದು ಅವರು ನಂಬಿದ್ದರು.

ಅಂಥ ಮನೆಗೆ ಬಂತು ನಾಟಿ ಮಿಷಿನ್ನು. ನಮ್ಮ ದೇಶ, ಜಪಾನ್ ದೇಶ ಎರಡೂ ಸೇರಿ, ಸಣ್ಣ ಗದ್ದೆಗೆ ಹೊಂದುವ ಯಂತ್ರ ಮಾಡುವುದೆಂದು ಒಪ್ಪಂದವಾಗಿತ್ತಂತೆ. ಅವರ ಯಂತ್ರ ನಮ್ಮ ಹೂಳಿನಲ್ಲಿ ಹೊಟ್ಟೆಯವರೆಗೆ ಹೂತು ನಿಲ್ಲುತ್ತಿತ್ತು. ಅದಕ್ಕೆ ಅಗಲದ ಚಕ್ರ, ಹಗುರದ ಮೈ ಕೊಟ್ಟು ಇಲ್ಲೇ ಪರೀಕ್ಷೆ ಮಾಡಬೇಕಿತ್ತು. ಯಂತ್ರ ಅವರದು, ಕೆಸರು ನಮ್ಮದು. ನಮ್ಮ ಗದ್ದೆಯನ್ನೇ ಆರಿಸಿದ್ದು ಮಣ್ಣು ನೋಡಿ ಅಲ್ಲ, ರಸ್ತೆ ಪಕ್ಕದಲ್ಲಿದೆ, ಜೀಪು ನಿಲ್ಲಿಸಬಹುದು ಅಂತ.

ಯಂತ್ರದ ಜೊತೆ ಒಬ್ಬ ಜಪಾನಿ ಎಂಜಿನಿಯರು ಬಂದ. ತೆಳ್ಳಗಿನ ಆಳು, ಮಾತು ಕಡಿಮೆ. ಯಾರು ಎದುರು ಬಂದರೂ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ನಮ್ಮ ಎಮ್ಮೆಗೂ ಒಂದು ಸಲ ಮಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೆಂಗಸರು ಅವನಿಗೆ ಜಪಾನಪ್ಪ ಎಂದು ಹೆಸರಿಟ್ಟರು. ಅವನದು ಮುರುಕು ಇಂಗ್ಲಿಷ್, ನನ್ನದು ಬಿ.ಎಸ್ಸಿ. ಇಂಗ್ಲಿಷ್. ಹಾಗಾಗಿ ನಡುವೆ ನಿಂತು ಮಾತು ದಾಟಿಸುವ ಕೆಲಸ ನನ್ನ ತಲೆಗೆ ಬಿತ್ತು.

ಮಿಷಿನ್ ಬಂದರೆ ಆಳು ಬೇಡ. ಈ ವರ್ಷ ಯಾರೂ ಬರುವುದು ಬೇಡ ಎಂದು ಹೇಳಿ ಬಾ ಎಂದು ನನ್ನ ಗಂಡ ತಾಯಿಗೆ ಹೇಳಿದರು. "ಮುಯ್ಯಿ ಬ್ಯಾಡ ಅಂತ ನಾನೆಂಗ್ಲಾ ಏಳ್ಲಿ" ಎಂದು ಅತ್ತೆ ಎರಡು ದಿನ ಊಟ ಬಿಟ್ಟರು. ಕೊನೆಗೆ ಹೋಗಿ ಹೇಳಿಯೇ ಬಂದರು. ಮೇಲಿನ ಬೀದಿಯ ಅಕ್ಕ ಬೈಯಲಿಲ್ಲ. "ಆಗ್ಲಿ ಕಣವ್ವ, ನಿಂಗೆ ಮಿಷಿನ್ನೇ ಒಡುಟ್ಟಿದ್ದಾಯ್ತು" ಅಂದರಂತೆ, ಅಷ್ಟೆ. ಮಾರನೆಯ ದಿನದಿಂದ ಡೈರಿಯಲ್ಲಿ ಹಾಲು ಹಾಕುವಾಗ ಅತ್ತೆಯ ಪಕ್ಕ ನಿಲ್ಲುವುದನ್ನು ಬಿಟ್ಟರು. ಬೈದಿದ್ದರೆ ಅತ್ತೆ ಅಷ್ಟು ಕೊರಗುತ್ತಿರಲಿಲ್ಲ.

ಈ ಮಿಷಿನ್ನಿಗೆ ನಾವು ಒಟ್ಲಲ್ಲಿ, ಅಂದರೆ ಸಸಿಮಡಿಯಲ್ಲಿ, ಬೆಳೆಸುವ ಎತ್ತರದ ಪೈರು ಆಗದು. ಪ್ಲಾಸ್ಟಿಕ್ ಟ್ರೇಗಳಲ್ಲಿ ಮಣ್ಣು ಹರಡಿ, ಮೊಳಕೆ ಭತ್ತವನ್ನು ತೆಳ್ಳಗೆ ಚೆಲ್ಲಿ, ಚಾಪೆಯಂತೆ ಸುರುಳಿ ಸುತ್ತಲು ಬರುವ ಪೈರು ಬೆಳೆಸಬೇಕು. ಜಪಾನಪ್ಪ ಒಂದು ಅಳತೆಯ ಲೋಟ ಕೊಟ್ಟು, ಟ್ರೇಗೆ ಒಂದೇ ಲೋಟ ಎಂದು ತೋರಿಸಿ, ಪೈರು ಏಳುವವರೆಗೆ ಇನ್ನೊಂದು ಜಿಲ್ಲೆಯ ಕೆಲಸಕ್ಕೆ ಹೋದ. ಪೈರು ಎದ್ದಿತು ನೋಡಿ, ದಟ್ಟವಾಗಿ, ಗಿಣಿ ಬಣ್ಣಕ್ಕೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ನಮ್ಮ ಮನೆಯವರಂತೂ ಮೀಸೆ ಮೇಲೆ ಕೈ ಹಾಕಿಕೊಂಡೇ ತಿರುಗಿದರು.

ನಾಟಿಯ ದಿನ ಅಧಿಕಾರಿಗಳ ಜೀಪುಗಳು ಬಂದವು. ಟೇಪು ಕತ್ತರಿಸಿದರು, ಎರಡು ದೇಶದ ಸ್ನೇಹದ ಮೇಲೆ ಭಾಷಣ ಮಾಡಿದರು, ಫೋಟೋ ತೆಗೆಸಿಕೊಂಡು ಊಟಕ್ಕೆ ಹೋದರು. ಅವರು ಹೋದ ಮೇಲೆ ಜಪಾನಪ್ಪ ಮಿಷಿನ್ನನ್ನು ಗದ್ದೆಗಿಳಿಸಿದ. ಒಂದು ಸಾಲು ಮುಗಿಯುವಷ್ಟರಲ್ಲಿ ಅದು ಪೈರನ್ನು ಹಿಡಿಹಿಡಿಯಾಗಿ ಉಗುಳತೊಡಗಿತು. ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಖಾಲಿ. ಆಮೇಲೆ ಬೇರುಗಳೆಲ್ಲ ಸಿಕ್ಕಿಕೊಂಡು ನಿಂತೇ ಹೋಯಿತು.

ಆತ ಒಂದು ಟ್ರೇ ಎತ್ತಿ ಬೇರು ಬಿಡಿಸಿ ನೋಡಿ, ಬೀಜ ಹಾಕಿದವರು ಯಾರು ಎಂದು ಕೇಳಿದ. ನಾನು ಕನ್ನಡದಲ್ಲಿ ಕೇಳುವ ಮೊದಲೇ ಅತ್ತೆ ಮುಂದೆ ಬಂದರು.

"ನಾನೇ ಕಣಪ್ಪ. ನೀನು ಏಳ್ದಂಗೇ ಲೋಟ್ದಲ್ಲೇ ಆಕ್ದೆ. ಬರೀ ಮಣ್ಣೇ ಕಾಣ್ತಿತ್ತು. ಒಂದೊಂದುಕ್ಕೂ ಇನ್ನೊಂದು ಇಡಿ ಆಕ್ದೆ."

ನಮ್ಮ ಕಡೆ ಬೀಜ ಚೆಲ್ಲುವುದು ಮನೆಯ ಹಿರಿ ಹೆಂಗಸು, ಕೈ ತುಂಬ. ಅಳೆದು ಹಾಕಿದರೆ ಭೂಮಿತಾಯಿಯೂ ಅಳೆದೇ ಕೊಡುತ್ತಾಳೆ ಅನ್ನುವ ನಂಬಿಕೆ. ಅತಿಯಾದರೆ ಅಮೃತವೂ ವಿಷ ಅನ್ನುವುದೂ ನಮ್ಮದೇ ಗಾದೆ, ಆದರೆ ಬೀಜದ ವಿಷಯಕ್ಕೆ ಅದನ್ನು ಯಾರೂ ಹೇಳುವುದಿಲ್ಲ. ಇದನ್ನೆಲ್ಲ ನಾನು ಹೆದರಿ ಹೆದರಿ ಇಂಗ್ಲಿಷಿಗೆ ತಿರುಗಿಸಿದೆ. ಆತ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದ. ಬೀಜ ಹೆಚ್ಚಾದರೆ ಬೇರು ಹೆಣೆದುಕೊಂಡು ಮಿಷಿನ್ನಿಗೆ ಪೈರು ಬಿಡಿಸಲು ಬರದು, ಲೋಟ ಕೊಟ್ಟೆ, ಯಾಕೆ ಅಂತ ಹೇಳಿಕೊಡಲಿಲ್ಲ, ತಪ್ಪು ನನ್ನದು ಅಂದ.

ತಪ್ಪು ಯಾರದಾದರೇನು, ನಾಲೆಯ ನೀರಿನ ಸರದಿ ಮಾರನೆಯ ದಿನಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ನಾಟಿಯಾಗದಿದ್ದರೆ ಕೆಸರು ಬಿರಿದು ಆ ವರ್ಷದ ಗದ್ದೆ ಬೀಳು. ಗಂಡ ಹುಣಸೂರಿನಿಂದ ಕೂಲಿಯವರನ್ನು ತರುತ್ತೇನೆಂದರು. ಅತ್ತೆ ಬೇಡ ಅಂದರು. ಗದ್ದೆ ಬೀಳು ಬಿದ್ದರೂ ಚಿಂತೆಯಿಲ್ಲ, ಅಕ್ಕನನ್ನು ಬಿಟ್ಟು ಬೇರೆಯವರನ್ನು ಇಳಿಸಿದರೆ ಇನ್ನೆಂದೂ ಆ ಹೆಂಗಸರ ಮುಖ ನೋಡುವ ಹಾಗಿಲ್ಲ ಅಂದರು. ಸೆರಗು ಹೊದ್ದು ಮೇಲಿನ ಬೀದಿಗೆ ಹೊರಟರು. ನಾನು ಹಿಂದೆ ಹೋದೆ. ಕೆಸರುಗಾಲಿನ ಜಪಾನಪ್ಪನೂ ಬಂದ.

ಅಕ್ಕ ಕೊಟ್ಟಿಗೆಯಲ್ಲಿ ಬೂಸ ಕಲಸುತ್ತಿದ್ದರು. ತಲೆ ಎತ್ತಲಿಲ್ಲ.

"ಅಕ್ಕ, ನನ್ ಗದ್ದೆ ನಿಂತೋಯ್ತು ಕಣಕ್ಕ" ಅಂದರು ಅತ್ತೆ. "ಬ್ಯಾಡ ಅಂದೋಳೂ ನಾನೇ, ಬನ್ನಿ ಅನ್ನಕ್ಕೆ ಬಂದೋಳೂ ನಾನೇ."

"ಮಿಷಿನ್ನ ನಂಬ್ಕೊಂಡಿದ್ಯಲ್ಲ, ಅದುನ್ನೇ ಕರಿ ಓಗು."

ಏನಂದರು ಎಂದು ಜಪಾನಪ್ಪ ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆತ ಕೊಟ್ಟಿಗೆಯ ಬಾಗಿಲಲ್ಲಿ ನಡು ಬಗ್ಗಿಸಿ ನಿಂತು, ಆ ಮಿಷಿನ್ ನನ್ನದು, ಅದರ ಬದಲಿಗೆ ನಾನು ಬರುತ್ತೇನೆ, ನನ್ನನ್ನು ಒಂದು ಆಳು ಎಂದು ಹಿಡಿಯಿರಿ ಅಂದ. ನಾನು ಅದನ್ನು ಹೇಳಿದಾಗ ಅಕ್ಕ ಮೊದಲ ಸಲ ತಲೆ ಎತ್ತಿದರು. ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇವುನ್ಗೆ ನಾಟಿ ಬತ್ತದಾ?"

"ಬರಲ್ವಂತೆ" ಅಂದೆ.

"ಸರಿ ಬುಡು, ನಿಂಗೂ ಬರ್ತಿರ್ನಿಲ್ಲ" ಎಂದು ನನಗೊಂದು ಕುಟುಕಿ ಅತ್ತೆಯ ಕಡೆ ತಿರುಗಿದರು. "ವತ್ತಾರೆ ಬತ್ತೀವಿ ಓಗು. ನೀನು ಬ್ಯಾಡ ಅಂದೇಟ್ಗೆ ಬ್ಯಾಡ ಆಗ್ಬುಡಕ್ಕೆ ಇದೇನು ನಿಮ್ಮಪ್ಪನ ಮನೆ ಮುಯ್ಯಿನಾ?"

ದಾರಿಯುದ್ದಕ್ಕೂ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಬಂದರು. ನನ್ನ ಕಣ್ಣೂ ಒದ್ದೆಯಾಯಿತು.

ಬೆಳಿಗ್ಗೆ ಎಲ್ಲರೂ ಬಂದರು. ಆ ಎಳೆ ಪೈರನ್ನು ಬಿಡಿಸಿ ಬಿಡಿಸಿ ನೆಟ್ಟರು. ಜಪಾನಪ್ಪನ ಸಾಲು ಹಾವು ಹರಿದ ಹಾಗೆ ಹೋಗುತ್ತಿದ್ದುದರಿಂದ ಅವನನ್ನು ಮೂಲೆಗೆ ತಳ್ಳಿದರು. ಊಟದ ಹೊತ್ತು ಬಿಟ್ಟರೆ ಸಂಜೆಯವರೆಗೂ ಆ ಮೂಲೆಯನ್ನು ಬಿಟ್ಟು ಏಳಲಿಲ್ಲ ಮಹಾರಾಯ. ಮಧ್ಯಾಹ್ನ ಬದುವಿನ ಮೇಲೆ ಮುದ್ದೆ, ಹುರುಳಿಕಾಳಿನ ಸಾರು ಉಣ್ಣುವಾಗ ತನ್ನ ಅಜ್ಜಿಯ ವಿಷಯ ಹೇಳಿದ. ಅವಳ ಹಳ್ಳಿಯಲ್ಲೂ ನಾಟಿಗೆ ಹೀಗೇ ದಿನಕ್ಕೆ ದಿನ ಕೊಡುತ್ತಿದ್ದರಂತೆ. ಮಿಷಿನ್ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳೂ ಅವಳೇ. ಸೊಂಟ ನೆಟ್ಟಗಾಯಿತು, ಆದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲು ನೆಪ ಇಲ್ಲದಾಯಿತು ಅನ್ನುತ್ತಿದ್ದಳಂತೆ.

ಹೆಂಗಸರು ಉಣ್ಣುವುದು ನಿಲ್ಲಿಸಿ ಕೇಳಿಸಿಕೊಂಡರು. "ಸೊಂಟ ನೋವು ನಮ್ಗೂ ಬ್ಯಾಡ ಕಣಪ್ಪ" ಅಂದರು ಅಕ್ಕ. "ಮಿಷಿನ್ ಬರ್ಲಿ. ಒಸಿ ಜಾಗ ನಮ್ಗೂ ಬುಡು ಅಂತ ಏಳವ್ವ ಅವುನ್ಗೆ."

ಸಂಜೆ ಕೈಕಾಲು ತೊಳೆಯುವಾಗ ಯಾರ ಮುಯ್ಯಿ ಯಾರ ಮೇಲಿದೆ ಎಂದು ಬಾಯಲ್ಲೇ ಹೇಳಿಕೊಳ್ಳುವುದು ವಾಡಿಕೆ. ಕೊನೆಯಲ್ಲಿ ಅಕ್ಕ ಅತ್ತೆಗೆ ಹೇಳಿದರು. "ಈ ಜಪಾನಪ್ಪನ್ದೊಂದು ದಿನ ನಿನ್ ಮ್ಯಾಲದೆ. ಮರೀಬ್ಯಾಡ."

ಮುಂದಿನ ವರ್ಷ ಅತ್ತೆ ತಾವೇ ಲೋಟ ಹಿಡಿದು ಬೀಜ ಹಾಕಿದರು. ಮನಸ್ಸು ತಡೆಯದೆ ಕೊನೆಯಲ್ಲೊಂದು ಹಿಡಿಯನ್ನು ಗುಬ್ಬಿಗಳಿಗೆ ಚೆಲ್ಲಿದರು. ಮಿಷಿನ್ ಚೆನ್ನಾಗಿ ಓಡಿತು. ಈಗ ಊರ ತುಂಬ ಅದೇ, ಬಾಡಿಗೆಗೂ ಸಿಗುತ್ತದೆ. ಆದರೆ ಅದು ತಿರುಗುವಾಗ ಮೂಲೆಗಳು ಉಳಿದುಹೋಗುತ್ತವೆ. ಆ ಮೂಲೆಗಳಿಗೆ ಹೆಂಗಸರು ಒಬ್ಬರ ಗದ್ದೆಗೆ ಒಬ್ಬರು ಹೋಗುತ್ತಾರೆ. ಕೆಲಸ ಗಳಿಗೆಯದು, ಮಾತು ಸಂಜೆಯವರೆಗೆ. ಅತ್ತೆ ಕೊನೆಯವರೆಗೂ ಹೋದರು.

ಜಪಾನಪ್ಪ ತನ್ನ ದೇಶಕ್ಕೆ ಹೋದ ಮೇಲೂ ಒಮ್ಮೊಮ್ಮೆ ನನ್ನ ಫೋನಿಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಪ್ರತಿ ಸಲವೂ ಅತ್ತೆಯದು ಒಂದೇ ಪ್ರಶ್ನೆ, ನಿಮ್ಮೂರಲ್ಲಿ ನಾಟಿ ಯಾವಾಗ? ನಗಬೇಡಿ, ಅವರು ಹೋಗುವವರೇ. ಅಜ್ಜಿಯ ಗದ್ದೆ ಈಗ ಇಲ್ಲ, ಅಲ್ಲಿ ಮನೆಗಳಾಗಿವೆ ಎಂದು ಆತ ಹೇಳಿದ ದಿನ ಹಾಗಾದರೆ ಅವನ ಮುಯ್ಯಿಯನ್ನು ಯಾವ ಗದ್ದೆಯಲ್ಲಿ ತೀರಿಸಲಿ ಎಂದು ಅತ್ತೆ ನನ್ನನ್ನು ಕೇಳಿದರು. ಹಾಸಿಗೆ ಹಿಡಿದಾಗಲೂ ನನ್ನ ಕೈ ಹಿಡಿದು ಅದನ್ನೇ ಅಂದರು. "ಎಲ್ಲಾರ್ದೂ ತೀರ್ಸ್ದೆ ಕಣ್ ಮಗಾ. ಅವುನ್ದೊಂದು ಉಳ್ಕಬುಡ್ತು."

ಈ ವರ್ಷ ಹೊಸ ಮಿಷಿನ್ ಬಂದಿದೆ. ಡ್ರೈವರ್ ಅದರ ಮೇಲೆಯೇ ಕೂತು ಓಡಿಸುವಂಥದ್ದು, ನಿಂತಲ್ಲೇ ತಿರುಗುತ್ತದೆ. ನಮ್ಮ ಗದ್ದೆ ಮುಗಿಸಿದ ಡ್ರೈವರ್, ಆ ಮೂಲೆಯನ್ನೂ ಹಾಕಿಬಿಡುತ್ತೇನೆ ಅಮ್ಮ, ಒಂದೇ ಗಳಿಗೆ ಅಂದ. ನಾನು ಹೂಂ ಅನ್ನುವುದರಲ್ಲೇ ಇದ್ದೆ. ಮೇಲಿನ ಬೀದಿಯ ಅಕ್ಕ, ಈಗ ಕೋಲೂರಿಕೊಂಡು ನಡೆಯುವವರು, ಕೋಲನ್ನು ಅಡ್ಡ ಹಿಡಿದರು.

"ಆ ಮೂಲೆ ಬುಡಪ್ಪ. ಅಲ್ಲೊಬ್ರ ಮುಯ್ಯಿ ಅದೆ, ಇನ್ನೂ ತೀರ್ನಿಲ್ಲ."

ಆಮೇಲೆ ಕೋಲನ್ನು ಬದುವಿನ ಮೇಲಿಟ್ಟು ಕೆಸರಿಗಿಳಿದರು. ಉಳಿದವರೂ ಇಳಿದರು. ಅತ್ತೆ ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟು, ಬಾ ಎಂದು ಅಕ್ಕ ನನ್ನ ಕಡೆ ಕೈ ಚಾಚಿದರು.