ಮದೀನಾಬಿಯ ಬ್ಯಾಟ್ರಿ

ಬರಕೋ ಅಂದೆನಲ್ಲ ಗೌರಾ, ಪೆನ್ನ ಹಿಡ್ಕೊಂಡು ನನ್ನ ಮಾರಿ ಯಾಕ ನೋಡಾಕತ್ತಿ? ಆ ಬಾಜು ಕೂಡಬ್ಯಾಡ, ಈ ಬಾಜು ಬಾ, ಬಲಗಿವಿ ಕಡಿ. ಎಡಗಿವಿ ಹನ್ನೆರಡಾಣೆ ಅಷ್ಟ ಕೇಳ್ತದ ಅಂತ ನಿನಗ ಗೊತ್ತದ. ಆ ಹನ್ನೆರಡಾಣೆರೆ ಹ್ಯಾಂಗ ಉಳೀತು ಅಂತ ಹೇಳ್ತೇನಿ, ಬರಿ. ನನ್ನ ಹೆಸರು ಮ್ಯಾಲ ಹಾಕಬ್ಯಾಡ. ಇದು ಮದೀನಾಬಿದು.

ಮದೀನಾಬಿ ಅಂದ್ರ ನಮ್ಮ ಸರಸಂಬಾದ ಟಪಾಲ ಮಾಸ್ತರ್ ರಾಜೇಸಾಬರ ಹೆಂಡ್ತಿ. ತವರು ಅಫಜಲಪುರದ ಕಡಿ, ಭೀಮಾ ಹೊಳಿ ದಂಡಿ. ಸಣ್ಣಾಕಿದ್ದಾಗ ಹೊಳ್ಯಾಗ ಈಸಿದಾಕಿ. ನಮ್ಮೂರ ಹಳ್ಳ ನೋಡಿ, "ಇದರಾಗ ಎಮ್ಮಿ ಬಿಟ್ಟು ಮತ್ಯಾರು ಮೈ ತೊಳೀತಾರ ಬೇ" ಅಂತ ನಗ್ತಿದ್ಲು. ಉದ್ದನ ಹೆಣ್ಮಗಳು. ನಡದ್ರ ಕಾಲಾಗ ಚಪ್ಪಲಿ ಪಟಪಟ ಅಂತಿದ್ವು, ಯಾವ ಓಣ್ಯಾಗ ಅದಾಳ ಅಂತ ಕಣ್ಣ ಮುಚ್ಚಿ ಹೇಳಬಹುದಿತ್ತು. ರಾಜೇಸಾಬರಿಗೆ ನಿಮ್ಮಜ್ಜ ಕಾಕಾ ಅಂತಿದ್ರು, ಹಂಗಾಗಿ ನನಗ ಮಾವ ಆದ್ರು. ಮದೀನಾಬಿಗೆ ಅತ್ತಿ ಅನ್ನಾಕ ಹೋದ್ರ, "ಆ ಚಂದಮ್ಮ ಒಬ್ಬಾಕಿ ಅತ್ತಿ ಸಾಲದೇನ ನಿನಗ? ಅಕ್ಕ ಅನ್ನು" ಅಂದ್ಲು.

ಅವರ ಮನಿ ಪಡಸಾಲಿನೇ ಟಪಾಲಖಾನಿ. ಒಂದು ಮೇಜು, ಟಪಾಲಿಗೆ ಒತ್ತೋ ಶಿಕ್ಕಾ, ಗೋಡಿಗೆ ಒಂದು ಕರೇ ಫೋನು. ಇಡೀ ಊರಿಗೆ ಅದೊಂದ. ಬಾಜುಕಿನ ಹಿಡಕಿ ಗರಗರ ತಿರುವಿದ್ರ ಆಳಂದದಾಗಿನ ಮನಷ್ಯಾ ಮಾತಾಡಾಂವ. ಅವನಿಗೆ ಗುಲ್ಬರ್ಗಾ ಬೇಕ್ರಿ ಅಂತ ಹೇಳಿ ಕುಂತ್ರ, ಒಂದೊಂದು ಸಲ ರೊಟ್ಟಿ ಮಾಡಿ ಮುಗಿಸಿದ ಮ್ಯಾಲ ಗಂಟಿ ಬಾರಸ್ತಿತ್ತು. ಈಗ ನೀವು ಕಿಸೇದಾಗ ಇಟ್ಕೊಂಡು ತಿರಗ್ತೀರಿ, ನಿಮಗ ಏನು ತಿಳೀಬೇಕು.

ಎಂಬತ್ತನಾಕನೇ ಇಸವಿ ಮಳಿಗಾಲ. ನಿಮ್ಮವ್ವ ಶಾರದಾ ನಾಕ ತಿಂಗಳ ಕೂಸು, ತೊಟ್ಟಲದಾಗ. ನನಗ ಎಡಗಿವಿ ಸೋರೂದು ಸಣ್ಣಾಕಿದ್ದಾಗಿಂದ ಇತ್ತು, ಬರ್ತಿತ್ತು ಹೋಗ್ತಿತ್ತು. ಬಾಣಂತನದಾಗ ದಿನಾ ಎಣ್ಣಿ ತಿಕ್ಕಿ ಎರೆದು, ಕಿವ್ಯಾಗೂ ಎಣ್ಣಿ ಬಿಟ್ಟು ಅದು ಜೋರಾತು. ನಮ್ಮತ್ತಿ ಬಳ್ಳೊಳ್ಳಿ ಕಾಸಿದ ಎಣ್ಣಿ ಬಿಡಾಕಿ. ಅಕಿದು ತಪ್ಪಿಲ್ಲ ಬಿಡು, ಅಕಿ ಅತ್ತಿನೂ ಅಕಿಗೆ ಹಂಗ ಬಿಟ್ಟಿದ್ಲು. ದಿಂಬು ಹಸಿ ಆಗ್ತಿತ್ತು. ನಾತ ಬರ್ತಿತ್ತು. ನಾ ತಲಿ ಮ್ಯಾಲಿನ ಸೆರಗು ಇನ್ನಿಷ್ಟು ಬಿಗಿಯಾಗಿ ಹೊಚ್ಚಕೊಂತಿದ್ದೆ.

ಒಂದು ಮಧ್ಯಾಹ್ನ ಆರಾಮಿದ್ದ ಕಿವಿ ಕೆಳಗ ಮಾಡಿ ಮಲಗೇನಿ. ಕೂಸು ಅತ್ತು ಅತ್ತು ನೀಲಿ ಆಗ್ಯಾದ, ನನಗ ಎಚ್ಚರಿಲ್ಲ. ನಮ್ಮತ್ತಿ ಹೊಲದಿಂದ ಬಂದಾಕಿ ಕೂಸಿನ್ನ ಎತಗೊಂಡು, "ಕಲ್ಲಿಗೆರೆ ಕಿವಿ ಅದಾವು, ನನ್ನ ಸೊಸಿಗಿಲ್ಲ" ಅಂದ್ಲು. ಆವತ್ತಿಂದ ನನಗ ಒಂದ ಅಂಜಿಕಿ. ಮಂದಿ ಏನರೆ ಅನ್ನಲಿ, ಕೂಸು ಅತ್ರ ನನಗ ಕೇಳಬೇಕು.

ಮದೀನಾಬಿ ಮಜ್ಜಿಗಿಗೆ ಬಂದಾಕಿ ನನ್ನ ಬಾಜು ಕುಂತು ಮೂಗು ಏರಿಸಿದ್ಲು. "ಕಿವಿ ನಾರಾಕತ್ತದಲ್ಲ ಬೇ, ಯಾರಿಗೂ ಹೇಳಿಲ್ಲೇನ?"

"ಹೇಳಿ ಏನು ಮಾಡ್ಲಿ ಅಕ್ಕ? ಹಳ್ಳ ತುಂಬ್ಯಾದ, ಬಸ್ಸು ಊರಾಗ ಬರಾಂಗಿಲ್ಲ. ಕೂಸು ಕಟ್ಕೊಂಡು ಗುಲ್ಬರ್ಗಾಕ್ಕ ಹ್ಯಾಂಗ ಹೋಗ್ಲಿ?"

"ನೀ ಯಾಕ ಹೋಗ್ತಿ? ಕಿವಿ ಇಲ್ಲೇ ಇರಲಿ, ಮಾತು ಹೋಗಲಿ."

ಅಕಿ ಅಕ್ಕನ ಮಗಳು ನಜಮುನ್ನಿಸಾ ಗುಲ್ಬರ್ಗಾದಾಗ ಕಿವಿ ಡಾಕ್ಟರ್ ಆಗಿದ್ಲು. ಮರುದಿನ ಮದೀನಾಬಿ ನನ್ನನ್ನ ತಮ್ಮ ಅಡಗಿಮನಿಗೆ ಕರ್ಕೊಂಡು ಹೋಗಿ, ರಾಜೇಸಾಬರ ಮೂರು ಶೆಲ್ಲಿನ ಬ್ಯಾಟ್ರಿ ಹಚ್ಚಿ ಕಿವ್ಯಾಗ ಇಣಕಿದ್ಲು. ಆಮ್ಯಾಗ ಪಡಸಾಲಿಗೆ ಬಂದು ಫೋನಿನ್ಯಾಗ ಒದರಿದ್ಲು, "ನಜಮಾ, ಕೀವು ಮಜ್ಜಿಗಿ ಬಣ್ಣ ಅದ." ಆ ಕಡಿಂದ ಕೇಳಿದ್ದನ್ನ ಇಕಿ ತಿರುಗಿ ನಮಗ ಹೇಳಾಕಿ. "ತೆಳ್ಳಗದೋ ಗಟ್ಟಿ ಅದೋ ಅಂತ ಕೇಳಾಕತ್ತಾಳ. ನಜಮಾ, ನಮ್ಮ ಮನಿ ಮಜ್ಜಿಗಿ ಹಂಗಲ್ಲ, ಚಂದಮ್ಮನ ಮನಿ ಮಜ್ಜಿಗಿ ಹಂಗ, ಗಟ್ಟಿ!" ಕಿವಿ ಹಿಂದ ಬಾವು ಬಂದದೇನು, ಜ್ವರ ಅದೇನು, ತಲಿ ತಿರಗ್ತದೇನು, ಎಲ್ಲಾ ಕೇಳಿದ್ಲಂತ. ಬಾವು ಬಂದ್ರ ಹಳ್ಳ ತುಂಬಿರಲಿ ಬಿಡಲಿ, ಹೊತ್ತಕೊಂಡರೆ ಬರ್ರಿ ಅಂದ್ಲಂತ. ಬಾವು ಇರಲಿಲ್ಲ, ಬಸವಣ್ಣ ದೊಡ್ಡಾಂವ.

"ಫೋನು ಅಕಿ ಕಿವಿಗೆ ಹಚ್ಚರಿ, ಎಷ್ಟು ಕೇಳ್ತದ ನೋಡ್ತೇನಿ" ಅಂದ್ಲು ಡಾಕ್ಟರ್. ಅಷ್ಟೊತ್ತಿಗೆ ಒಲಿ ಮ್ಯಾಲಿನ ಹಾಲು ಉಕ್ಕಿತು ಅಂತ ಮದೀನಾಬಿ ಒಳಗ ಓಡಿದ್ಲು. ನಾ ಫೋನು ಹಿಡದೆ. ಎದರಿಗೆ ಮಾವ ಕುಂತಾರ. ಇಳಕಲ್ ಸೀರಿ ದಪ್ಪ ಸೆರಗು, ಎರಡು ಪದರ ತಲಿ ಮ್ಯಾಲ. ಎಡಗಿವಿಗೆ ಹಿಡದೆ, ಏನೂ ಇಲ್ಲ. ಬಲಗಿವಿಗೆ ಹಿಡದೆ, ಬಾವ್ಯಾಗ ಯಾರೋ ಗೊಣಗಿದಂಗ. "ಕೇಳಸವಲ್ದು" ಅಂದೆ. ರಾಜೇಸಾಬರು ಫೋನು ತಗೊಂಡ್ರು. ಅವರ ಮಾರಿ ಸಣ್ಣದಾತು. "ಎರಡೂ ಕಿವಿ ಭಾಳ ಮಂದ ಆಗ್ಯಾವಂತ. ಮಳಿ ನಿಂತ ಮ್ಯಾಲ ಕರ್ಕೊಂಡು ಬರ್ರಿ, ಆಪರೇಶನ್ ಬೇಕಾಗಬಹುದು ಅಂತಾಳ" ಅಂದ್ರು.

ನಮ್ಮತ್ತಿ ಆವತ್ತ ನಮ್ಮ ತವರಿಗೆ, ಮಟಕಿಗೆ ಹೇಳಿ ಕಳಸಿದ್ಲು: ನಿಮ್ಮ ಮಗಳನ್ನ ಕರ್ಕೊಂಡು ಹೋಗಿ ಆರಾಮ ಮಾಡ್ಕೊಂಡು ಬರ್ರಿ, ಕೂಸು ಇಲ್ಲೇ ಇರಲಿ, ಕಿವುಡಿ ಕೈಯಾಗ ಬಿಡಾಂಗಿಲ್ಲ. ಮೂರು ದಿನ ನಾ ತೊಟ್ಟಲ ಹಗ್ಗ ಕೈಬೆರಳಿಗೆ ಸುತ್ತಕೊಂಡು ಕುಂತೆ. ಕೂಸು ಅಳ್ಳಾಡಿದ್ರ ಬೆರಳಿಗೆರೆ ತಿಳೀಲಿ ಅಂತ.

ಮೂರನೇ ದಿನ ಮದೀನಾಬಿ ಬಂದ್ಲು, ಚಪ್ಪಲಿ ಅಂಗಳದಾಗ ಬಿಟ್ಟು. ನನ್ನ ಬೆನ್ನ ಹಿಂದ ನಿಂತು ಸಾವಕಾಶ, "ಗುರುಬಾಯಿ, ಕೂಸಿನ ಕುಲಾಯಿ ಬಿದ್ದದ" ಅಂದ್ಲು. ನಾ ಬಗ್ಗಿ ಕುಲಾಯಿ ಎತ್ತಿದೆ.

"ಆಂ! ಇಷ್ಟು ಕೇಳ್ತದ? ಮತ್ತ ಫೋನಿನ್ಯಾಗ ಯಾಕ ಕೇಳಲಿಲ್ಲ?" ಸೊಂಟದ ಮ್ಯಾಲ ಕೈ ಇಟ್ಟು ನನ್ನ ತಲಿ ನೋಡಿದ್ಲು, ನೋಡಿದ್ಲು. "ಹೌದಲ್ಲ ಬೇ, ನೀ ಸೆರಗಿನ ಮ್ಯಾಲ ಹಿಡದ್ಯಾ?"

"ಮಾವ ಕುಂತಿದ್ರಲ್ಲಕ್ಕ. ತಲಿ ಹ್ಯಾಂಗ ತಗೀಲಿ?"

"ಅಯ್ಯ ನಿನ್ನ ಮರ್ಯಾದಿಗೆ ಬೆಂಕಿ ಹತ್ತಲಿ! ಡಾಕ್ಟರ್ ನಿನ್ನ ಕಿವಿ ಕೇಳ್ಯಾಳ, ಸೀರಿ ಕೇಳಿಲ್ಲ!" ನಕ್ಕು ನಕ್ಕು ತೊಟ್ಟಲ ಹಿಡ್ಕೊಂಡ್ಲು. ನಾ ಅಳಾಕತ್ತೆ. ಆಮ್ಯಾಗ ಅಕಿನೂ ಕಣ್ಣ ಒರಸಿಕೊಂಡ್ಲು.

ಅವತ್ತ ಮದೀನಾಬಿ ನನ್ನನ್ನ ಟಪಾಲಖಾನಿಗೆ ಕರ್ಕೊಂಡು ಹೋಗಿ ಸೆರಗಿನ ಸುದ್ದಿ ಹೇಳಿದ ಕೂಡ್ಲೆ ರಾಜೇಸಾಬರು ಶಿಕ್ಕಾ, ಟಪಾಲ ಚೀಲ ಎಲ್ಲಾ ಎತಗೊಂಡು ಹೊರಗ ಕಟ್ಟಿ ಮ್ಯಾಲ ಹೋಗಿ, ನಮಗ ಬೆನ್ನ ಮಾಡಿ ಕುಂತ್ರು. ನಾ ಸೆರಗು ಸರಿಸಿದೆ. ಬಲಗಿವ್ಯಾಗ ಡಾಕ್ಟರ್ ದನಿ ಬಾಜು ಕುಂತು ಮಾತಾಡಿದಂಗ ಬಂತು. ಎಡಗಿವ್ಯಾಗೂ ಬಂತು, ದೂರದಿಂದ, ಖರೆ ಬಂತು. "ಎಡಗಿವಿ ತಮಟಿಗೆ ತೂತು ಬಿದ್ದಿರಬೇಕವ್ವ, ನಾ ಕಣ್ಣಲೇ ನೋಡೂತನ ಪಕ್ಕಾ ಹೇಳಾಂಗಿಲ್ಲ. ಒಣಗಿಸೋಣು. ಮಳಿ ನಿಂತ ಕೂಡ್ಲೆ ಬಾ" ಅಂದ್ಲು.

ದವಾ ಹಳ್ಳದ ಆಚಿ ದಂಡಿತನ ಬರೋ ಬಸ್ಸಿನ ಕಂಡಕ್ಟರ್ ಕೈಲಿ ಬಂತು. ಕಿವ್ಯಾಗ ನೀರು ಬ್ಯಾಡ, ಎಣ್ಣಿ ಬಿಲ್ಕುಲ್ ಬ್ಯಾಡ. ಮದೀನಾಬಿ ನಮ್ಮತ್ತಿ ಎದರಿಗೆ ಹೋಗಿ ಎಣ್ಣಿ ಬಟ್ಲ ಕಸಗೊಂಡ್ಲು. "ಚಂದಮ್ಮ, ಒಗ್ಗರಣಿ ಹಾಕೋದಿದ್ರ ಬ್ಯಾಳಿಗೆ ಹಾಕು, ಸೊಸಿ ಕಿವಿಗಲ್ಲ."

"ನೀ ಯಾವಾಗ ಡಾಕ್ಟರ್ ಆದಿ ಬೇ?"

"ಡಾಕ್ಟರಿನ ಕಣ್ಣು ಆಗೇನಿ. ಕಲತದ್ದು ಅಕಿ, ನೋಡಾಕಿ ನಾನು."

ನಮ್ಮಪ್ಪ ನನ್ನ ಕರ್ಕೊಂಡು ಹೋಗಾಕ ಬಂಡಿ ಹೂಡ್ಕೊಂಡು ಬಂದಾಂವ ಚಾ ಕುಡದು ಖಾಲಿ ಬಂಡಿ ಹೊಡಕೊಂಡು ಹೋದ.

ಆಮ್ಯಾಗ ಪ್ರತಿ ಗುರುವಾರ ಮಧ್ಯಾಹ್ನ. ರಾಜೇಸಾಬರು ಹೊರಗ, ನಾವು ಒಳಗ. ಹಳೇ ಧೋತರ ಹರಿದು ಬತ್ತಿ ಹೊಸೆದು, ಕುದಿಸಿ ಒಣಗಿಸಿ ಡಬ್ಬ್ಯಾಗ ಇಟ್ಟಿರಾಕಿ. ನನ್ನ ತಲಿ ಅಕಿ ತೊಡಿ ಮ್ಯಾಲ. ಕೀವು ಒರಸ್ತಾ ಏನೋ ಗುನುಗುನು ಅಂತಿದ್ಲು, ಹೊಳಿ ದಂಡಿ ಹಾಡು. ಆ ಕಿವಿಗೆ ಹಾಡು ಕೇಳ್ತಿದ್ದಿಲ್ಲ, ಅಕಿ ತೊಡಿ ಸಣ್ಣಗ ನಡಗೂದು ತಿಳೀತಿತ್ತು. ಒಂದು ಗುರುವಾರ ಮಜ್ಜಿಗಿ ಬಣ್ಣ, ಮುಂದಿನ ಗುರುವಾರ ಬ್ಯಾಳಿ ಕಟ್ಟಿನ ಬಣ್ಣ, ಆಮ್ಯಾಗ ಬರೇ ತೇವ. ಡಾಕ್ಟರ್ ನಗ್ತಿದ್ಲಂತ, "ಖಾಲಾ, ನಿನ್ನ ಮಾತು ಕೇಳಿ ನನಗ ಹಸಿವಿ ಆಗ್ತದ." ಸುದ್ದಿ ಹಬ್ಬಿ ಮಟಕಿ ಹೆಣ್ಮಕ್ಕಳೂ ಕೂಸುಗಳನ್ನ ಕಟ್ಕೊಂಡು ಬರಾಕತ್ತಿದ್ರು.

ಆರನೇ ಗುರುವಾರ ಆಗಿ ಎರಡು ದಿನಕ್ಕ, ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ದೆ. ಏನೋ ಇಲಿ ಕೀಚಂದಂಗ ಆತು. ಎದ್ದು ನೋಡಿದ್ರ ನಿಮ್ಮವ್ವ, ಬಾಯಿ ತಗದು ಅಳಾಕತ್ತಾಳ. ಎತಗೊಂಡು ಬರಿಗಾಲಲೇ ಟಪಾಲಖಾನಿಗೆ ಓಡಿದೆ. ತಲಿ ಮ್ಯಾಲ ಸೆರಗಿರಲಿಲ್ಲ. ರಾಜೇಸಾಬರೇ ಗೋಡಿ ಕಡಿ ಮಾರಿ ತಿರುಗಿಸಿದ್ರು.

ಮಳಿ ನಿಂತ ಮ್ಯಾಲ ಗುಲ್ಬರ್ಗಾಕ್ಕ ಹೋಗಿ ತೋರಿಸಿಕೊಂಡು ಬಂದ್ವಿ. ತೂತು ಖರೆನ ಇತ್ತು, ಒಣಗಿತ್ತು.

ತೊಂಬತ್ತೆರಡಕ್ಕೋ ತೊಂಬತ್ಮೂರಕ್ಕೋ ರಾಜೇಸಾಬರು ನೌಕರಿ ಮುಗಿಸಿದ್ರು. ಜೇವರ್ಗಿಯಾಗ ಮಗಳು ಮೆಹರಾಜಬೇಗಂ ಮನಿಗೆ ಹೋದ್ರು. ಹೋಗೋ ದಿನ ಮದೀನಾಬಿ ಬ್ಯಾಟ್ರಿ ನನ್ನ ಕೈಯಾಗ ಕೊಟ್ಲು, "ಇಟ್ಕೋ, ತಿರುಗಿ ಬಂದಾಗ ಕೊಡು" ಅಂತ. ರಾಜೇಸಾಬರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ, ಆವತ್ತು ಮಾತಾಡೋ ಹೊತ್ತಲ್ಲ. ಆಮ್ಯಾಗ ನಾನೂ ಹೋಗಲಿಲ್ಲ, ಅಕಿನೂ ಬರಲಿಲ್ಲ. ನನ್ನ ಮೊಣಕಾಲು ನೋಡ್ತಿ ನೀನು. ಈಗೂ ಗುರುವಾರ ಮಧ್ಯಾಹ್ನ ಆತಂದ್ರ ತಲಿ ತಾನ ಒಂದು ಬಾಜು ವಾಲ್ತದ. ಎಲ್ಲಿ ಇಡ್ಲಿ ಅದನ್ನ?

ಹೋದ ತಿಂಗಳು ನಿಮ್ಮವ್ವ ಫೋನು ಹಚ್ಚಿ ಕೊಟ್ಲು. ಆ ಕಡಿ ಮೆಹರಾಜಬೇಗಂ ಅವರವ್ವನ ಕೈಯಾಗ ಕೊಟ್ಟಳು. "ಯಾರು? ಯಾರು ಬೇ?" ಅಂತಾಳ. ಅದ ದನಿ, ಜರಾ ಸವದದ. ನಾ ಗುರುಬಾಯಿ ಅಕ್ಕ, ಸರಸಂಬಾದ ಗುರುಬಾಯಿ, ಅಂತ ಒದರೇನಿ, ಒದರೇನಿ. "ಏನೂ ಕೇಳಸವಲ್ದು" ಅಂದು ಫೋನು ಮಗಳ ಕೈಯಾಗ ಕೊಟ್ಟೇಬಿಟ್ಲು. ಅಮ್ಮಾಗ ಕಿವಿ ಹೋಗ್ಯಾವ್ರಿ, ವಯಸ್ಸಾತು ಅಂತಾಳ ಮಗಳು. ಎಷ್ಟು ಸಲೀಸ ಅಂತಾಳ.

ನಾಳಿ ನೀ ಜೇವರ್ಗಿಗೆ ಗೆಳತಿ ಮದುವಿಗೆ ಹೋಗಾಕಿ ಅಲ್ಲ? ಪೆನ್ನ ಕೆಳಗಿಡು, ಕೇಳು. ಆ ಕಪಾಟಿನ್ಯಾಗ ಬ್ಯಾಟ್ರಿ ಅದ. ಬಸ್ ಸ್ಟ್ಯಾಂಡಿನ್ಯಾಗ ಮೂರು ಶೆಲ್ ತಗೊಂಡು ಹಾಕು, ದೊಡ್ಡವು. ಅಕಿ ಮನಿಗೆ ಹೋಗಿ ಮೊದಲ ಅಕಿ ತಲಿ ಮ್ಯಾಲಿನ ಓಢಣಿ ಸರಸು, ನೀನ ಸರಸು, ಅಕಿ ಬ್ಯಾಡ ಅಂದ್ರೂ. ಎರಡೂ ಕಿವ್ಯಾಗ ಬೆಳಕು ಬಿಟ್ಟು ನೋಡು, ಏನು ಬಣ್ಣ ಅದ ನನಗ ಹೇಳು. ಆಮ್ಯಾಗ ಫೋನು ಬರಿಗಿವಿಗೆ ಹಚ್ಚು. ನಾ ಈ ಕಡಿ ಬಲಗಿವಿಗೆ ಹಿಡ್ಕೊಂಡು ಕುಂತಿರ್ತೇನಿ.