ದೀಪದ ಹೊತ್ತಿನಲ್ಲಿ ಮಲಗಿದವಳು

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಹೆಂಗಸು ನೆಲದ ಮೇಲೆ ಕೈಕಾಲು ಚಾಚಿ ಮಲಗಬಾರದು. ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿರುವ ನಮ್ಮ ಕನ್ನಡದ ಮನೆಯಲ್ಲಿ ಇದು ಕಾನೂನು. ನಾನು ಮಲಗಿದೆ. ಒಂದು ದಿನವಲ್ಲ, ದಿನಾಲೂ.

ರಕ್ತದೊತ್ತಡ ಏರಿ ಆಫೀಸಿನಲ್ಲಿ ತಲೆಸುತ್ತಿ ಬಿದ್ದಿದ್ದೆ. ಆರ್.ಎಸ್. ಪುರಂನ ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಕ್ಕೆ ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿ ಉಸಿರನ್ನಷ್ಟೇ ಗಮನಿಸಬೇಕು ಎಂದರು. ಬೆಳಿಗ್ಗೆ ಡಬ್ಬಿ ಕಟ್ಟುವ ಗಡಿಬಿಡಿ. ರಾತ್ರಿ ಕಣ್ಣು ಮುಚ್ಚಿದರೆ ನಿದ್ದೆ. ಶರವಣಂಪಟ್ಟಿಯ ಆಫೀಸಿನಿಂದ ಬಸ್ಸಿನಲ್ಲಿ ಬಂದು ಒಲೆ ಹಚ್ಚುವ ಮುಂಚಿನ ಇಪ್ಪತ್ತು ನಿಮಿಷ ಮಾತ್ರ ನನ್ನದು. ಅದನ್ನೂ ನಾನ್ಯಾಕೆ ಬಿಡಲಿ?

"ವಿಳಕ್ಕು ಹಚ್ಚೋ ನೇರದಲ್ಲಿ ಹಿಂಗಾ ಬಿದ್ಕೊಳ್ಳೋದು? ಲಕ್ಷ್ಮಿ ಬಂದವಳು ಹಂಗೇ ತಿರುಗಿ ಹೋಗ್ತಾಳೆ," ಎಂದರು ಅತ್ತೆ, ತಮ್ಮ ತಮಿಳು ಬೆರೆತ ಮಾತಿನಲ್ಲಿ. ಅವರ ಬಾಯಲ್ಲಿ ದೀಪ ವಿಳಕ್ಕು, ಹೊತ್ತು ನೇರ.

"ಪಕ್ಕದಲ್ಲಿ ಹಾದು ಬರ್ಲಿ ಬಿಡಿ ಅತ್ತೆ. ಜಾಗ ಬಿಟ್ಟೇ ಮಲಗಿದೀನಿ."

"ಹೆಣ ಮಲಗಿಸ್ದಂಗೆ ಇದೆ. ತಲೆ ಹತ್ರ ದೀಪ ಒಂದು ಕಮ್ಮಿ."

"ತಂದಿಡಿ. ಕರೆಂಟ್ ಹೋದ್ರೆ ಆಗತ್ತೆ."

ಅತ್ತೆ ಹಟಕ್ಕೆ ಬಿದ್ದರು. ನಾನು ಕಣ್ಣು ಮುಚ್ಚಿದ ತಕ್ಷಣ ಗಂಟೆ ಬಾರಿಸುವರು, ಪಾತ್ರೆ ಕುಕ್ಕುವರು, ಪಕ್ಕ ಬಂದು ಕೆಮ್ಮುವರು. ನಾನೂ ಹಲ್ಲು ಕಚ್ಚಿ ಮಲಗಿದೆ. ಹಲ್ಲು ಕಚ್ಚಿಕೊಂಡು ವಿಶ್ರಾಂತಿಯಂತೆ! ತಿಂಗಳಾದ ಮೇಲೆ ನೋಡಿದರೆ ಒತ್ತಡ ಇಳಿದೇ ಇರಲಿಲ್ಲ. ಇನ್ನೊಂದು ತಿಂಗಳು ನೋಡಿ ಮಾತ್ರೆ ಹೆಚ್ಚಿಸುತ್ತೇನೆ ಎಂದರು ಡಾಕ್ಟರು.

ಅಂದು ಸಂಜೆ ರೇಗಿ ಕೇಳಿಯೇಬಿಟ್ಟೆ. "ನಾನು ಹುಷಾರಾಗೋದು ನಿಮಗೆ ಬೇಡ್ವಾ ಅತ್ತೆ?"

ದೀಪಕ್ಕೆ ಎಣ್ಣೆ ಹಾಕುತ್ತಿದ್ದವರು ನನ್ನ ಕಡೆ ತಿರುಗಲಿಲ್ಲ. "ನಿಮ್ಮ ಮಾವ ಇದೇ ನೇರದಲ್ಲಿ, ಇದೇ ಜಾಗದಲ್ಲಿ, ಐದು ನಿಮಿಷ ಅಂತ ಮಲಗಿದ್ರು. ನಾನು ದೀಪ ಹಚ್ಚಿ ಬರೋ ಅಷ್ಟರಲ್ಲಿ ಮುಗ್ದಿತ್ತು. ನೀನು ಅಲ್ಲಾಡ್ದೇ ಇದ್ರೆ ಅದೇ ಕಣ್ಮುಂದೆ ಬರತ್ತೆ. ಸದ್ದು ಮಾಡಿದ್ರೆ ಮುಖ ಸಿಂಡರಿಸ್ತೀಯಲ್ಲ, ಆಗ ಸಮಾಧಾನ."

ನಾನು ಈ ಮನೆಗೆ ಬರುವ ಮುಂಚೆಯೇ ಮಾವ ತೀರಿಹೋಗಿದ್ದರು. ಹೇಗೆಂದು ಯಾರೂ ಹೇಳಿರಲಿಲ್ಲ. ಆದರೂ ನನ್ನ ಇಪ್ಪತ್ತು ನಿಮಿಷ ಬಿಟ್ಟುಕೊಡಲಿಲ್ಲ. ಅಲ್ಲೇ ಚಾಪೆ ಹಾಸಿ ಮಲಗಿ, ಅವರ ಕೈ ಎಳೆದು ನನ್ನ ಹೊಟ್ಟೆಯ ಮೇಲಿಟ್ಟುಕೊಂಡೆ.

"ಇದು ಮೇಲೆ ಕೆಳಗೆ ಆಡೋವರೆಗೂ ನಾನಿದೀನಿ. ನಾನಂತೂ ಏಳಲ್ಲ. ನೀವು ಕೂತು ಉಸಿರು ಎಣಿಸಿ."

ಕೂತರು. ಎಣ್ಣೆ ಜಿಡ್ಡಿನ ಆ ಕೈಯ ಭಾರಕ್ಕೆ ಮೊದಲ ಸಲ ನನ್ನ ದವಡೆ ಸಡಿಲವಾಯಿತು, ಹೆಗಲು ನೆಲಕ್ಕೆ ತಾಗಿತು. ಎಚ್ಚರವಿತ್ತು, ಮೈಯಲ್ಲಿ ಎಲ್ಲೂ ಬಿಗಿ ಇರಲಿಲ್ಲ. ಅತ್ತೆ ಮೆಲ್ಲಗೆ ತಮಿಳಿನಲ್ಲಿ ಎಣಿಸುತ್ತಿದ್ದರು. ದೀಪ ಹಚ್ಚುವ ಹೊತ್ತು ಮೀರಿತು. ಇಬ್ಬರೂ ಏಳಲಿಲ್ಲ.